ಪೆಟ್ರೋಲಿನ ಲೆಕ್ಕ ಯಾರ ಕೈಯಲ್ಲಿರಬೇಕು?

2020ರ ಏಪ್ರಿಲ್ 1ರಂದು ಬಿಎಸ್6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ, ಅಗ್ಗದ ಕೆಲವು ಗಾಡಿಗಳನ್ನು ಬಿಟ್ಟರೆ, ನಮ್ಮಲ್ಲಿ ಮಾರಾಟವಾಗುವ ಹೊಸ ಬೈಕುಗಳಿಂದ ಕಾರ್ಬ್ಯುರೇಟರ್ ಮಾಯವಾಯಿತು. ಅದರೊಂದಿಗೆ ಒಂದು ಕೈಕಸುಬೂ ಬದಿಗೆ ಸರಿಯಿತು. ಮೈಸೂರಿನ ಜಾವಾ, ಯೆಜ್ಡಿಗಳಿಂದ ಹಿಡಿದು ಆರ್‌ಎಕ್ಸ್100ರ ತನಕ, ಗಾಡಿ ಮಿಸ್ಸಿಂಗ್ ಹೊಡೆದರೆ ಮೆಕ್ಯಾನಿಕ್ ಏರ್ ಸ್ಕ್ರೂ ಅರ್ಧ ಸುತ್ತು ತಿರುಗಿಸುತ್ತಿದ್ದ, ಸಾಲದಿದ್ದರೆ ಜೆಟ್ ಬದಲಿಸುತ್ತಿದ್ದ, ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಮೇಲೋ ಕೆಳಗೋ ಹಾಕುತ್ತಿದ್ದ. ಪ್ಲಗ್ ಬಿಚ್ಚಿ ಬಣ್ಣ ನೋಡಿದರೆ ಅವನಿಗೆ ಅರ್ಧ ವಿಷಯ ಗೊತ್ತಾಗುತ್ತಿತ್ತು. ಆ ಸ್ಕ್ರೂ, ಜೆಟ್, ಸೂಜಿಗಳ ಕೆಲಸವನ್ನೆಲ್ಲ ಈಗ ಸೀಟಿನ ಕೆಳಗಿರುವ ಇಸಿಯು ಎಂಬ ಡಬ್ಬಿ ಅಂಕಿಗಳ ರೂಪದಲ್ಲಿ ಮಾಡುತ್ತದೆ. ಸ್ಕ್ರೂಡ್ರೈವರಿಗೆ ಅಲ್ಲಿ ಜಾಗವಿಲ್ಲ.

ಆ ಅಂಕಿಗಳನ್ನು ಮಾಲೀಕನೇ ತಿದ್ದಿಕೊಳ್ಳಲು ಬರುವ ಸಾಧನವೇ ಹ್ಯಾಂಡ್‌ಹೆಲ್ಡ್ ಟ್ಯೂನರ್. ಅಂಗೈಯಗಲದ ಪರದೆ, ಒಂದು ಕೇಬಲ್. ಬೈಕಿನ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಚುಚ್ಚಿದರೆ ಇಸಿಯು ಒಳಗಿರುವುದನ್ನು ಓದಬಹುದು, ಬದಲಾಯಿಸಿ ಮತ್ತೆ ಬರೆಯಬಹುದು. ಇದನ್ನು ಮುಟ್ಟಲೇಬೇಡಿ ಎಂದು ಬೈಕ್ ಕಂಪನಿಗಳು ಹೇಳುತ್ತವೆ. ಇದಿಲ್ಲದೆ ನಿಮ್ಮ ಇಂಜಿನ್ ಉಸಿರುಗಟ್ಟಿದೆ ಎಂದು ಟ್ಯೂನರ್ ಮಾರುವವರು ಹೇಳುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಅಷ್ಟಷ್ಟು ಹುರುಳಿದೆ. ಎಷ್ಟು ಹುರುಳಿದೆ ಎಂದು ತೂಗಿ ನೋಡಲು ಮೊದಲು ಇಂಜಿನ್ ಈ ಲೆಕ್ಕವನ್ನು ಹೇಗೆ ಮಾಡುತ್ತದೆ ಎಂಬುದು ಗೊತ್ತಿರಬೇಕು.

ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರಿಗೆ ತಲುಪಿಸುತ್ತದೆ. ಒತ್ತಡ ಒಂದೇ ಸಮ ಇರುವುದರಿಂದ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಪೆಟ್ರೋಲ್. ಐಡ್ಲಿಂಗ್‌ನಲ್ಲಿ ಆ ಹೊತ್ತು 2 ಮಿಲಿಸೆಕೆಂಡಿನ ಆಸುಪಾಸು. ಇಂಜಿನ್ 8000 ಆರ್‌ಪಿಎಂನಲ್ಲಿ ತಿರುಗುವಾಗ ನಾಲ್ಕು ಸ್ಟ್ರೋಕುಗಳೂ ಮುಗಿಯಲು ಸಿಗುವ ಸಮಯವೇ 15 ಮಿಲಿಸೆಕೆಂಡ್. ಅಷ್ಟರೊಳಗೆ ಬೇಕಾದ ಪೆಟ್ರೋಲ್ ಬಂದು ಸೇರಬೇಕು. ಎಷ್ಟು ಹೊತ್ತು ತೆರೆಯಬೇಕೆಂದು ಇಸಿಯು ಒಂದು ಕೋಷ್ಟಕ ನೋಡಿ ತೀರ್ಮಾನಿಸುತ್ತದೆ. ಕೋಷ್ಟಕದ ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಆಕ್ಸಿಲರೇಟರ್ ಎಷ್ಟು ತಿರುವಿದ್ದೇವೆ ಎಂಬುದು ಅಥವಾ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ. ಎರಡೂ ಸೇರುವ ಮನೆಯಲ್ಲಿ ಒಂದು ಅಂಕಿ. ಇದಕ್ಕೇ ಮ್ಯಾಪ್ ಎನ್ನುತ್ತಾರೆ. ಗಾಳಿಯ ಉಷ್ಣತೆ, ಇಂಜಿನ್ನಿನ ಬಿಸಿ, ಸುತ್ತಲಿನ ವಾಯುಭಾರ ಇವುಗಳನ್ನು ಸೆನ್ಸರುಗಳಿಂದ ತಿಳಿದು ಆ ಅಂಕಿಯನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡಲಾಗುತ್ತದೆ. ಮಂಗಳೂರಿನಿಂದ ಹೊರಟು ಚಾರ್ಮಾಡಿ ಹತ್ತಿ, 1,900 ಮೀಟರಿಗೂ ಮೇಲಿರುವ ಮುಳ್ಳಯ್ಯನಗಿರಿಯವರೆಗೆ ಹೋದರೂ ಇಂಜೆಕ್ಷನ್ ಬೈಕು ಕಾರ್ಬ್ಯುರೇಟರ್ ಗಾಡಿಯ ಹಾಗೆ ಏದುಸಿರು ಬಿಟ್ಟು ಕಪ್ಪು ಹೊಗೆ ಕಕ್ಕದಿರುವುದು ಈ ತಿದ್ದುಪಡಿಯಿಂದ. ತೆಳುಗಾಳಿಯಿಂದ ಶಕ್ತಿ ಕಡಿಮೆಯಾಗುವುದಂತೂ ತಪ್ಪದು, ಆದರೆ ಗಾಳಿ ಪೆಟ್ರೋಲಿನ ಪ್ರಮಾಣ ಕೆಡುವುದಿಲ್ಲ.

ಆ ಪ್ರಮಾಣದಲ್ಲೇ ಎಲ್ಲ ಇದೆ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಅದಕ್ಕಿಂತ ಪೆಟ್ರೋಲ್ ಹೆಚ್ಚಾದರೆ ರಿಚ್, ಕಡಿಮೆಯಾದರೆ ಲೀನ್. ಇಂಜಿನ್ನಿಗೆ ಗರಿಷ್ಠ ಶಕ್ತಿ ಬರುವುದು ಸ್ವಲ್ಪ ರಿಚ್ ಇದ್ದಾಗ, 12.5ರಿಂದ 13.2ರ ನಡುವೆ. ಆದರೆ ಸೈಲೆನ್ಸರಿನೊಳಗೆ ಕುಳಿತ ಕ್ಯಾಟಲಿಟಿಕ್ ಕನ್ವರ್ಟರ್ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಒಟ್ಟಿಗೆ ನಿವಾರಿಸುವುದು 14.7ರ ಅತಿ ಸಮೀಪದಲ್ಲಿ ಮಾತ್ರ. ಹಾಗಾಗಿ ಎಕ್ಸಾಸ್ಟ್ ಪೈಪಿನಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಇಟ್ಟು, ಐಡ್ಲಿಂಗ್‌ನಲ್ಲೂ ನಿಧಾನದ ಓಡಾಟದಲ್ಲೂ ಇಸಿಯು ಪ್ರಮಾಣವನ್ನು ಸದಾ 14.7ರ ಆಚೀಚೆ ತೂಗಿಸುತ್ತಿರುತ್ತದೆ. ಸೆನ್ಸರಿನ ಸಂಕೇತ 0.1 ವೋಲ್ಟಿನಿಂದ 0.9 ವೋಲ್ಟಿನ ನಡುವೆ ಹಾರಾಡುತ್ತಲೇ ಇರುತ್ತದೆ. ಇದನ್ನು ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಸಿಯು ಸೆನ್ಸರಿನ ಮಾತು ಕೇಳುವುದನ್ನು ಬಿಟ್ಟು ಮ್ಯಾಪಿನಲ್ಲಿ ಬರೆದಂತೆ ನಡೆಯುತ್ತದೆ.

‘ಕಂಪನಿಯವರು ಗಾಡಿಯನ್ನು ಲೀನ್ ಇಟ್ಟಿದ್ದಾರೆ, ಅದಕ್ಕೇ ಇಷ್ಟು ಬಿಸಿ, ಅದಕ್ಕೇ ಜರ್ಕ್’ ಎಂಬ ಮಾತು ಗ್ಯಾರೇಜುಗಳಲ್ಲಿ ದಿನಾ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಊರೊಳಗೆ ಓಡುವಾಗ 14.7 ಇರುವುದು ನಿಜ. ಕಾಲು ಭಾಗ ಆಕ್ಸಿಲರೇಟರಿನಲ್ಲಿ, 2500 ಆರ್‌ಪಿಎಂ ಆಸುಪಾಸಿನಲ್ಲಿ ದೊಡ್ಡ ಸಿಲಿಂಡರಿನ ಇಂಜಿನ್ನುಗಳು ಇದರಿಂದ ತುಸು ತಡವರಿಸುವುದೂ ನಿಜ. ಅಲ್ಲಿಗೆ ಚೂರು ಪೆಟ್ರೋಲ್ ಸೇರಿಸಿದರೆ ಓಟ ನಯವಾಗುತ್ತದೆ, ಟ್ರಾಫಿಕ್ಕಿನಲ್ಲಿ ಆಕ್ಸಿಲರೇಟರ್ ತಿರುವಿದ ಕೂಡಲೇ ಬರುವ ಆ ಎಗರು ತಗ್ಗುತ್ತದೆ. ಆದರೆ 14.7ರಲ್ಲಿ ಓಡುವುದರಿಂದ ಇಂಜಿನ್ ಹಾಳಾಗುತ್ತದೆ ಎಂಬುದು ಸುಳ್ಳು. ಕಡಿಮೆ ಹೊರೆಯಲ್ಲಿ ಆ ಪ್ರಮಾಣ ಇಂಜಿನ್ನಿಗೆ ಯಾವ ಅಪಾಯವನ್ನೂ ತರುವುದಿಲ್ಲ. ಪಿಸ್ಟನ್ ಕರಗುವ ಮಾತು ಬರುವುದು ಪೂರ್ತಿ ಹೊರೆಯಲ್ಲಿ ಲೀನ್ ಆದಾಗ. ಅಲ್ಲಿ ಕಂಪನಿಗಳ ಮ್ಯಾಪುಗಳು ಸಾಮಾನ್ಯವಾಗಿ ಸಾಕಷ್ಟು ರಿಚ್ ಆಗಿಯೇ ಇರುತ್ತವೆ.

ಅಂದ ಮೇಲೆ ಕಂಪನಿ ಸೈಲೆನ್ಸರ್, ಕಂಪನಿ ಏರ್ ಫಿಲ್ಟರ್ ಇರುವ ಬೈಕಿಗೆ ಟ್ಯೂನರ್ ಬೇಕೇ? ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಬೇಡ. ಗಾಳಿಯ ಹಾದಿಯನ್ನು ಬದಲಿಸಿದಾಗ ಮಾತ್ರ ಪ್ರಶ್ನೆ ನಿಜವಾಗಿ ಏಳುತ್ತದೆ: ತೆರೆದ ಸೈಲೆನ್ಸರ್, ಹೆಚ್ಚು ಗಾಳಿ ಎಳೆಯುವ ಫಿಲ್ಟರ್, ಬೇರೆ ಕ್ಯಾಮ್, ದೊಡ್ಡ ಬೋರ್. ಇಂಜಿನ್ ಈಗ ಮ್ಯಾಪಿನ ಅಂದಾಜಿಗಿಂತ ಹೆಚ್ಚು ಗಾಳಿ ಎಳೆಯುತ್ತದೆ. ಕ್ಲೋಸ್ಡ್ ಲೂಪ್ ಇರುವ ಕಡೆ ಸೆನ್ಸರ್ ತನ್ನ ಮಿತಿಯೊಳಗೆ ಸರಿದೂಗಿಸುತ್ತದೆ. ಪೂರ್ತಿ ಆಕ್ಸಿಲರೇಟರಿನ ಭಾಗದಲ್ಲಿ ಆ ರಕ್ಷಣೆ ಇಲ್ಲ.

ಈ ಅಂತರವನ್ನು ತುಂಬಲು ಮಾರುಕಟ್ಟೆಯಲ್ಲಿ ಸಿಗುವ ಸಾಧನಗಳು ಒಂದೇ ಜಾತಿಯವಲ್ಲ. ತೀರ ಸರಳವಾದದ್ದು ಗಾಳಿಯ ಉಷ್ಣತೆಯ ಸೆನ್ಸರಿಗೆ ಸುಳ್ಳು ಹೇಳಿಸುವ ಪ್ಲಗ್. ಡೆನ್ಮಾರ್ಕಿನ ಬೂಸ್ಟರ್‌ಪ್ಲಗ್ ಗಾಳಿ ನಿಜಕ್ಕಿಂತ 20 ಡಿಗ್ರಿ ತಂಪಾಗಿದೆ ಎಂದು ಇಸಿಯುಗೆ ತೋರಿಸುತ್ತದೆ. ತಂಪು ಗಾಳಿ ಹೆಚ್ಚು ಸಾಂದ್ರ, ಆದ್ದರಿಂದ ಇಸಿಯು ಶೇ. 6ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಎಲ್ಲ ಮನೆಗಳಿಗೂ ಒಂದೇ ಪ್ರಮಾಣ, ಬೇಕಿರಲಿ ಬೇಡದಿರಲಿ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ನಿಧಾನದ ಓಟದಲ್ಲಿ ಈ ಹೆಚ್ಚುವರಿಯನ್ನು ಕ್ಲೋಸ್ಡ್ ಲೂಪ್ ಸ್ವಲ್ಪ ಹೊತ್ತಿನಲ್ಲಿ ಕಡಿದುಹಾಕುತ್ತದೆ.

ಇದಕ್ಕಿಂತ ಮೇಲಿನದು ಪಿಗ್ಗಿಬ್ಯಾಕ್. ಇಸಿಯುವನ್ನು ಮುಟ್ಟದೆ, ಅದಕ್ಕೂ ಇಂಜೆಕ್ಟರಿಗೂ ನಡುವೆ ಕುಳಿತು ಸಂಕೇತವನ್ನು ಉದ್ದ ಅಥವಾ ಗಿಡ್ಡ ಮಾಡುವ ಡಬ್ಬಿ ಇದು. ಅಮೆರಿಕದ ಡೈನೋಜೆಟ್ ಕಂಪನಿಯ ಪವರ್ ಕಮಾಂಡರ್ ಈ ಬಗೆಯಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಕೂಡ ಇದೇ ಜಾತಿ. ಕೆಟಿಎಂ, ರಾಯಲ್ ಎನ್‌ಫೀಲ್ಡ್ ಗಾಡಿಗಳಿಗೆ ಅದು ಪೆಟ್ರೋಲ್ ಜೊತೆಗೆ ಇಗ್ನಿಷನ್ ಟೈಮಿಂಗನ್ನೂ ಬದಲಿಸುತ್ತದೆ. ಬೇಡವೆನಿಸಿದ ದಿನ ಕಳಚಿಟ್ಟರೆ ಬೈಕು ಮೊದಲಿನಂತಾಗುತ್ತದೆ ಎಂಬುದು ಪಿಗ್ಗಿಬ್ಯಾಕಿನ ದೊಡ್ಡ ಅನುಕೂಲ.

ನಿಜವಾದ ಹ್ಯಾಂಡ್‌ಹೆಲ್ಡ್ ಟ್ಯೂನರ್ ಬೆಳೆದದ್ದು ಹಾರ್ಲೆ ಡೇವಿಡ್ಸನ್ ಸುತ್ತ. 2007ರ ಮಾಡೆಲ್‌ಗಳಿಂದ ಹಾರ್ಲೆಯ ಎಲ್ಲ ಬೈಕುಗಳಿಗೂ ಇಂಜೆಕ್ಷನ್ ಬಂತು. ಸೈಲೆನ್ಸರ್ ಬದಲಿಸುವುದು ಅಲ್ಲಿಯ ಮಾಲೀಕರಿಗೆ ಬೈಕ್ ತಂದ ವಾರವೇ ಮಾಡುವ ಕೆಲಸ. ಹಾಗಾಗಿ ಡೈನೋಜೆಟ್‌ನ ಪವರ್ ವಿಷನ್, ಫೋನಿನ ಆ್ಯಪ್ ಮೂಲಕ ನಡೆಯುವ ವ್ಯಾನ್ಸ್ ಅಂಡ್ ಹೈನ್ಸ್‌ನ ಎಫ್‌ಪಿ3, ಹಾರ್ಲೆಯದೇ ಸ್ಕ್ರೀಮಿಂಗ್ ಈಗಲ್ ಟ್ಯೂನರುಗಳು ಮನೆಮಾತಾದವು. ಇವು ಇಸಿಯುವಿನ ಮ್ಯಾಪನ್ನೇ ಅಳಿಸಿ ಹೊಸದನ್ನು ಬರೆಯುತ್ತವೆ.

ಪವರ್ ವಿಷನ್ ಹಿಡಿದು ಒಂದು ದೊಡ್ಡ ಟ್ವಿನ್ ಬೈಕನ್ನು ಟ್ಯೂನ್ ಮಾಡುವ ಕೆಲಸ ಹೇಗೆ ಸಾಗುತ್ತದೆ ನೋಡಿ. ಟ್ಯೂನರ್ ಚುಚ್ಚುವ ಮೊದಲೇ ಅರ್ಧ ಕೆಲಸವಿದೆ. ಏರ್ ಫಿಲ್ಟರ್, ಪ್ಲಗ್, ಇಂಟೇಕ್ ರಬ್ಬರಿನ ಬಿರುಕು, ಮುಖ್ಯವಾಗಿ ಎಕ್ಸಾಸ್ಟ್ ಗ್ಯಾಸ್ಕೆಟ್. ಸೆನ್ಸರಿಗಿಂತ ಮುಂಚೆ ಒಂದು ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳನುಗ್ಗಿ, ಇಂಜಿನ್ ಲೀನ್ ಆಗಿದೆ ಎಂದು ಸೆನ್ಸರ್ ತಪ್ಪು ತೋರಿಸುತ್ತದೆ. ಆ ಸುಳ್ಳನ್ನು ನಂಬಿ ಪೆಟ್ರೋಲ್ ಸುರಿದರೆ ಟ್ಯೂನಿಂಗ್ ಹೋದ ದಾರಿಯೇ ತಪ್ಪು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಟಪ್ ಟಪ್ ಎನ್ನುವುದೂ ಬಹಳ ಸಲ ಈ ಗ್ಯಾಸ್ಕೆಟ್ಟಿನದೇ ದೂರು, ಮ್ಯಾಪಿನದ್ದಲ್ಲ. ಇದೆಲ್ಲ ಸರಿಯಿದ್ದ ಮೇಲೆ ಬ್ಯಾಟರಿಗೆ ಚಾರ್ಜರ್ ಹಾಕಿ ಕೂರಬೇಕು, ಏಕೆಂದರೆ ಬರೆಯುವಾಗ ವಿದ್ಯುತ್ ಕಡಿದರೆ ಇಸಿಯು ಸತ್ತೇ ಹೋಗಬಹುದು. ಟ್ಯೂನರ್ ಮೊದಲು ಮೂಲ ಮ್ಯಾಪನ್ನು ನಕಲು ಮಾಡಿ ಇಟ್ಟುಕೊಳ್ಳುತ್ತದೆ. ಅದರ ಇನ್ನೊಂದು ಪ್ರತಿಯನ್ನು ಕಂಪ್ಯೂಟರಿಗೆ ಹಾಕಿ ಭದ್ರ ಮಾಡಿಕೊಳ್ಳುವುದು ಒಳ್ಳೆಯದು. ಹೊಸ ಮ್ಯಾಪ್ ಬರೆದ ಗಳಿಗೆಯಿಂದ ಆ ಟ್ಯೂನರ್ ಆ ಬೈಕಿಗೇ ಕಟ್ಟುಬೀಳುತ್ತದೆ, ಇನ್ನೊಬ್ಬರ ಗಾಡಿಗೆ ಹಾಗೆಯೇ ಬಳಸಲಾಗದು.

ನಿಮ್ಮ ಸೈಲೆನ್ಸರ್, ಫಿಲ್ಟರಿಗೆ ಹತ್ತಿರದ ಸಿದ್ಧ ಮ್ಯಾಪ್ ಒಂದನ್ನು ಆರಿಸಿ ಹಾಕಿಕೊಂಡರೆ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ನಿಜವಾದ ಟ್ಯೂನಿಂಗ್ ಶುರುವಾಗುವುದು ಅದರ ನಂತರ. ಕಂಪನಿ ಆಕ್ಸಿಜನ್ ಸೆನ್ಸರ್ 14.7ರ ಆಚೆ ಈಚೆ ಎಂದಷ್ಟೇ ಹೇಳಬಲ್ಲದು; 13 ಯಾವುದು, 12.5 ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಅಂಥ ಅಳತೆಗೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕು, ಬಾಷ್‌ನ ಎಲ್‌ಎಸ್‌ಯು 4.9 ತರಹದ್ದು. ಅದನ್ನು ಪೈಪಿಗೆ ಕೂರಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಖಾಲಿ ನೇರ ರಸ್ತೆಯಲ್ಲಿ ಬೇರೆ ಬೇರೆ ಗೇರಿನಲ್ಲಿ, ಬೇರೆ ಬೇರೆ ಆಕ್ಸಿಲರೇಟರ್ ಮಟ್ಟದಲ್ಲಿ ನಿಧಾನಕ್ಕೆ ಓಡಿಸಿ ದಾಖಲಿಸಬೇಕು. ಓಡಿಸುವಾಗ ಪರದೆ ನೋಡುವ ಕೆಲಸ ಬೇಡವೇ ಬೇಡ, ಓದುವುದೆಲ್ಲ ಮನೆಗೆ ಬಂದ ಮೇಲೆ. 3000 ಆರ್‌ಪಿಎಂ, ಶೇ. 20 ಆಕ್ಸಿಲರೇಟರ್ ಇರುವ ಮನೆಯಲ್ಲಿ ನೀವು ಬಯಸಿದ್ದು 13.6, ದಾಖಲೆಯಲ್ಲಿ ಸಿಕ್ಕಿದ್ದು ಸರಾಸರಿ 14.9 ಎನ್ನಿ. 14.9ನ್ನು 13.6ರಿಂದ ಭಾಗಿಸಿದರೆ 1.096, ಅಂದರೆ ಆ ಮನೆಗೆ ಶೇ. 9.6ರಷ್ಟು ಪೆಟ್ರೋಲ್ ಹೆಚ್ಚು ಬೇಕು. ಒಮ್ಮೆಗೇ ಪೂರ್ತಿ ಹಾಕದೆ ಅರ್ಧಕ್ಕಿಂತ ತುಸು ಹೆಚ್ಚು ಹಾಕಿ, ಅಕ್ಕಪಕ್ಕದ ಮನೆಗಳನ್ನೂ ಅದಕ್ಕೆ ಹೊಂದುವಂತೆ ಇಳಿಜಾರು ಮಾಡಿ, ಮತ್ತೆ ಓಡಿಸಿ ಮತ್ತೆ ನೋಡಬೇಕು. ಗೇರ್ ಬದಲಿಸುವಾಗ ಬಂದ ದಾಖಲೆ, ಇಂಜಿನ್ ತಣ್ಣಗಿದ್ದಾಗ ಬಂದ ದಾಖಲೆ, ಒಂದೆರಡು ಸಲ ಮಾತ್ರ ಮುಟ್ಟಿದ ಮನೆಯ ದಾಖಲೆ ಇವನ್ನೆಲ್ಲ ಕಿತ್ತೆಸೆಯಬೇಕು. ಪವರ್ ವಿಷನ್‌ನ ಆಟೋಟ್ಯೂನ್ ಈ ಲೆಕ್ಕವನ್ನು ತಾನೇ ಮಾಡುತ್ತದೆ, ಆದರೆ ಕೆಟ್ಟ ದಾಖಲೆಯನ್ನು ಗುರುತಿಸುವ ಜವಾಬ್ದಾರಿ ಸವಾರನದ್ದೇ.

ಪೂರ್ತಿ ಆಕ್ಸಿಲರೇಟರಿನ ಮನೆಗಳನ್ನು ಸಾರ್ವಜನಿಕ ರಸ್ತೆಯಲ್ಲಿ ಅಳೆಯಲು ಹೋಗಬಾರದು. ಆ ವೇಗ ಕಾನೂನಿಗೂ ಸಲ್ಲದು, ಜೀವಕ್ಕೂ ಸಲ್ಲದು. ಅದಕ್ಕೆ ಡೈನೋ, ಅಂದರೆ ಬೈಕನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ, ಇರುವ ಅಂಗಡಿಯೇ ಸರಿ. ಇಗ್ನಿಷನ್ ಟೈಮಿಂಗಿನ ಕೋಷ್ಟಕವನ್ನಂತೂ ಮನೆಯಲ್ಲಿ ಕೂತು ತಿದ್ದುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಪೆಟ್ರೋಲ್ ತುಸು ಹೆಚ್ಚಾದರೆ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ತೆಳುವಾಗುತ್ತದೆ. ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ಟೈಮಿಂಗ್ ಎರಡು ಮೂರು ಡಿಗ್ರಿ ಮುಂದೆ ಹೋಗಿ ಬಿಸಿಲಿನಲ್ಲಿ, ಹೊರೆಯಲ್ಲಿ ನಾಕಿಂಗ್ ಶುರುವಾದರೆ ಹೆಲ್ಮೆಟ್ಟಿನೊಳಗಿರುವವನಿಗೆ ಅದು ಕೇಳಿಸುವ ಹೊತ್ತಿಗೆ ಪಿಸ್ಟನ್ ಪೆಟ್ಟು ತಿಂದಾಗಿರುತ್ತದೆ.

ಇಷ್ಟೆಲ್ಲ ಮಾಡಿದರೆ ಸಿಗುವುದೇನು? ಒಂದೇ ಡೈನೋದಲ್ಲಿ, ಒಂದೇ ದಿನ, ಮೊದಲು ಮತ್ತು ನಂತರ ಅಳೆಯದ ಹಾರ್ಸ್‌ಪವರ್ ಮಾತನ್ನು ನಂಬಬೇಕಾಗಿಲ್ಲ. ಬೇರೆ ಬೇರೆ ಡೈನೋಗಳ ಅಂಕಿಗಳು ಒಂದಕ್ಕೊಂದು ತಾಳೆಯಾಗುವುದೂ ಇಲ್ಲ. ಗಾಳಿಯ ಹಾದಿ ಬದಲಿಸದ ಬೈಕಿನಲ್ಲಿ ಗರಿಷ್ಠ ಶಕ್ತಿಯ ಗಳಿಕೆ ಅಲ್ಪ. ನಿಜವಾಗಿ ಅನುಭವಕ್ಕೆ ಬರುವುದು ಕೆಳಗಿನ ಆರ್‌ಪಿಎಂನ ನಯ, ಆಕ್ಸಿಲರೇಟರಿನ ಮೊದಲ ತಿರುವಿಗೆ ಇಂಜಿನ್ ಕೊಡುವ ಹದವಾದ ಉತ್ತರ. ಅದು ಸಣ್ಣ ಸಂಗತಿಯಲ್ಲ. ದಿನವೂ ಗಾಡಿ ಓಡಿಸುವವನಿಗೆ ಅದರ ಬೆಲೆ ಗೊತ್ತು. ಆದರೆ ಅದಕ್ಕೆ ತೆರುವುದು ಪೆಟ್ರೋಲಿನಲ್ಲಿ, ಹೊಗೆಯಲ್ಲಿ.

ನಮ್ಮ ದೇಶದಲ್ಲಿ ಈಗ ಇನ್ನೊಂದು ತೊಡಕು ಸೇರಿದೆ, ಬಂಕಿನಲ್ಲಿ ಸಿಗುವ ಪೆಟ್ರೋಲೇ ಬದಲಾಗಿದೆ. ಶೇ. 20 ಎಥೆನಾಲ್ ಬೆರೆತ ಇ20 ಪೂರ್ತಿ ಉರಿಯಲು 14.7ರಷ್ಟು ಗಾಳಿ ಬೇಕಿಲ್ಲ, ಸುಮಾರು 13.5 ಸಾಕು. ಅದೇ ಗಾಳಿಗೆ ಇಂಧನ ಶೇ. 8ರಿಂದ 9ರಷ್ಟು ಹೆಚ್ಚು ಬೇಕು. ಕ್ಲೋಸ್ಡ್ ಲೂಪಿನಲ್ಲಿ ಇದನ್ನು ಸೆನ್ಸರ್ ಸರಿದೂಗಿಸುತ್ತದೆ. ಶುದ್ಧ ಪೆಟ್ರೋಲಿಗೆಂದು ಪೂರ್ತಿ ಆಕ್ಸಿಲರೇಟರಿನಲ್ಲಿ 13.0ಕ್ಕೆ ಹೊಂದಿಸಿದ ಮ್ಯಾಪನ್ನು ತೆಗೆದುಕೊಳ್ಳಿ. ಅದನ್ನು ಪೂರ್ತಿ ಉರಿಯಲು ಬೇಕಾದ 14.7ರಿಂದ ಭಾಗಿಸಿದರೆ ಸಿಗುವ ಲ್ಯಾಂಬ್ಡಾ 0.88, ಸಾಕಷ್ಟು ರಿಚ್. ಅದೇ ಮ್ಯಾಪಿನಲ್ಲಿ ಇ20 ಸುರಿದರೆ ಲ್ಯಾಂಬ್ಡಾ 0.96ಕ್ಕೆ ಏರುತ್ತದೆ, ರಕ್ಷಣೆಯ ಅಂಚು ಬಹುಪಾಲು ಕರಗಿಹೋಗುತ್ತದೆ. ಎಥೆನಾಲ್ ಸ್ವತಃ ನಾಕಿಂಗ್ ತಡೆಯುತ್ತದೆ ಎಂಬುದು ಸಮಾಧಾನ. ಆದರೂ ಹಳೆಯ ಪೆಟ್ರೋಲಿಗೆ ಮಾಡಿದ ಮ್ಯಾಪನ್ನೋ, ವಿದೇಶದಲ್ಲಿ ಬೇರೆ ಇಂಧನಕ್ಕೆ ಮಾಡಿದ ಮ್ಯಾಪನ್ನೋ ಹಾಗೇ ತಂದು ಹಾಕಿಕೊಳ್ಳುವುದು ಸರಿಯಲ್ಲ. ಮೀಟರಿನಲ್ಲಿ 14.7ರ ಅಳತೆ ಬಿಟ್ಟು ಲ್ಯಾಂಬ್ಡಾ ಓದುವ ಅಭ್ಯಾಸ ಮಾಡಿಕೊಂಡರೆ, ಟ್ಯಾಂಕಿನಲ್ಲಿ ಯಾವ ಇಂಧನವಿದ್ದರೂ 1 ಎಂದರೆ ಪೂರ್ತಿ ಉರಿತ ಎಂಬ ಅರ್ಥ ಬದಲಾಗುವುದಿಲ್ಲ.

ಇನ್ನು ಕಾನೂನು. ಈ ವಿಷಯದಲ್ಲಿ ಎಲ್ಲರೂ ಓದಬೇಕಾದ ಪ್ರಕರಣ ಅಮೆರಿಕದ್ದು. 2016ರ ಆಗಸ್ಟಿನಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯೊಂದಿಗೆ ಹಾರ್ಲೆ ಡೇವಿಡ್ಸನ್ ರಾಜಿಯಾಗಿ 1.2 ಕೋಟಿ ಡಾಲರ್ ದಂಡ ಕೊಡಲು ಒಪ್ಪಿತು. ಆರೋಪವೇನೆಂದರೆ, 2008ರಿಂದ ಸುಮಾರು 3,40,000 ಸೂಪರ್ ಟ್ಯೂನರುಗಳನ್ನು ಮಾರಿ, ರಸ್ತೆಯ ಬೈಕುಗಳು ಪ್ರಮಾಣೀಕೃತ ಮಟ್ಟಕ್ಕಿಂತ ಹೆಚ್ಚು ಮಾಲಿನ್ಯ ಉಗುಳುವಂತೆ ಮಾಡಿತು ಎಂಬುದು. ಈ ಟ್ಯೂನರುಗಳು ರೇಸಿಗೆ ಮಾತ್ರ ಎಂಬುದು ಕಂಪನಿಯ ವಾದವಾಗಿತ್ತು. ಅಷ್ಟೊಂದು ಟ್ಯೂನರುಗಳಿಗೆ ಅಷ್ಟೊಂದು ರೇಸ್ ಟ್ರ್ಯಾಕು ಎಲ್ಲಿಂದ ಬರಬೇಕು? ಕಂಪನಿ ಅವುಗಳ ಮಾರಾಟ ನಿಲ್ಲಿಸಿತು, ಡೀಲರುಗಳ ಬಳಿ ಉಳಿದಿದ್ದನ್ನು ಮರಳಿ ಕೊಂಡು ನಾಶಮಾಡಲು ಒಪ್ಪಿತು, ಮುಂದೆ ಮಾರುವ ಟ್ಯೂನರಿಗೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಅನುಮತಿ ಪಡೆಯುವ ಷರತ್ತಿಗೂ ಒಪ್ಪಿತು. ಆ ಅನುಮತಿ ಸುಮ್ಮನೆ ಸಿಗುವುದಿಲ್ಲ. ಟ್ಯೂನರ್ ಹಾಕಿದ ಮೇಲೂ ಬೈಕು ಮಾಲಿನ್ಯದ ಮಿತಿಯೊಳಗಿದೆ ಎಂದು ಪರೀಕ್ಷೆಯಲ್ಲಿ ತೋರಿಸಬೇಕು.

ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ, ಮಾಲಿನ್ಯ ಮತ್ತು ಶಬ್ದದ ಮಿತಿ ಮೀರಿದರೆ 190ನೇ ಸೆಕ್ಷನ್ನಿನಡಿ 10,000 ರೂಪಾಯಿವರೆಗೆ ದಂಡ ಎಂದಾಯಿತು. ಮ್ಯಾಪು ಆರ್‌ಸಿ ಪುಸ್ತಕದಲ್ಲಿ ಬರೆದ ವಿವರವಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಆದರೂ ಮಾಲಿನ್ಯದ ಮಿತಿ ಇದ್ದೇ ಇದೆ: ಬಿಎಸ್6 ಬೈಕು ಕಿಲೋಮೀಟರಿಗೆ 1 ಗ್ರಾಂ ಕಾರ್ಬನ್ ಮಾನಾಕ್ಸೈಡ್, 0.1 ಗ್ರಾಂ ಹೈಡ್ರೋಕಾರ್ಬನ್, 0.06 ಗ್ರಾಂ ನೈಟ್ರೋಜನ್ ಆಕ್ಸೈಡ್ ಮೀರಬಾರದು. ಇದನ್ನು ಅಳೆಯುವುದು ಪ್ರಯೋಗಾಲಯದಲ್ಲಿ, ಗೊತ್ತುಪಡಿಸಿದ ಓಟದ ಕ್ರಮದಲ್ಲಿ ಗಾಡಿ ಓಡಿಸಿ. ಬೀದಿಬದಿಯ ಎಮಿಷನ್ ಟೆಸ್ಟ್ ನೋಡುವುದು ಐಡ್ಲಿಂಗ್‌ನ ಹೊಗೆಯನ್ನು ಮಾತ್ರ. ಪೆಟ್ರೋಲ್ ಗಾಡಿಯ ನೈಟ್ರೋಜನ್ ಆಕ್ಸೈಡ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಐಡ್ಲಿಂಗ್ ಸರಿಯಿಟ್ಟು ಉಳಿದೆಡೆ ರಿಚ್ ಮಾಡಿದ ಬೈಕು ಸರ್ಟಿಫಿಕೇಟ್ ಪಡೆದು ಹೊರಬರುತ್ತದೆ. ಇದನ್ನು ಸಾಧನೆ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆ ಸೈಲೆನ್ಸರಿನ ಹಿಂದೆ ಮಗುವನ್ನು ಕೂರಿಸಿಕೊಂಡ ಸ್ಕೂಟರ್ ನಿಂತಿರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿದ ಪೈಪಿಗೆ ಟ್ಯೂನ್ ಮಾಡಿಕೊಡಿ ಎಂದು ಕೇಳುವವರಿಗೆ ಆಗದು ಎನ್ನುವ ಗ್ಯಾರೇಜುಗಳು ನಮಗೆ ಬೇಕು.

ಹಾಗೆಂದು ಮಾಲೀಕನ ಕೈಯನ್ನು ಪೂರ್ತಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷ ಹಳೆಯ ಇಂಜೆಕ್ಷನ್ ಬೈಕಿಗೆ ಹೊಸ ಇಂಧನಕ್ಕೆ ತಕ್ಕ ಮ್ಯಾಪನ್ನು ಕಂಪನಿ ತಾನಾಗಿ ಕೊಡುವ ನಿರೀಕ್ಷೆ ಇಲ್ಲದಿದ್ದರೆ, ಅದನ್ನು ಸರಿಯಾಗಿ ಮಾಡಬಲ್ಲವನಿಗೆ ದಾರಿ ಇರಬೇಕು. ಟ್ಯೂನರಿನ ಅರ್ಧ ಬಳಕೆಯಂತೂ ಬರೆಯುವುದೇ ಅಲ್ಲ, ಓದುವುದು: ಯಾವ ಸೆನ್ಸರ್ ಏನು ಹೇಳುತ್ತಿದೆ, ಇಸಿಯು ಎಷ್ಟು ಪೆಟ್ರೋಲ್ ಸೇರಿಸುತ್ತಿದೆ ಎಂದು ನೋಡಿ ರೋಗ ಪತ್ತೆಮಾಡುವುದು. ಇದರಲ್ಲಿ ಯಾವ ಕಾನೂನೂ ಮುರಿಯುವುದಿಲ್ಲ, ಯಾವ ವಾರಂಟಿಯೂ ಹೋಗುವುದಿಲ್ಲ. ದುಡ್ಡು ಖರ್ಚು ಮಾಡುವವರು ಮೊದಲು ಅಳೆಯುವ ಸಾಮಾನಿಗೆ, ವೈಡ್‌ಬ್ಯಾಂಡಿಗೆ ಖರ್ಚು ಮಾಡಲಿ. ಮ್ಯಾಪ್ ಮುಟ್ಟುವ ಅಗತ್ಯವೇ ಇರಲಿಲ್ಲ ಎಂದು ಎಷ್ಟೋ ಸಲ ಅದೇ ತೋರಿಸಿಕೊಡುತ್ತದೆ.

ಕಾರಿಗೆ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸುವವರಿಗೆ ನಮ್ಮ ದೇಶದಲ್ಲಿ ಒಂದು ಕ್ರಮವಿದೆ. ಕಿಟ್ ತಯಾರಕ ಎಆರ್‌ಎಐ ಮುಂತಾದ ಪರೀಕ್ಷಾ ಸಂಸ್ಥೆಗಳಿಂದ ಮಾಡೆಲ್‌ವಾರು ಅನುಮೋದನೆ ಪಡೆಯುತ್ತಾನೆ, ಮಾಲೀಕ ಆರ್‌ಟಿಒದಲ್ಲಿ ಅದನ್ನು ಆರ್‌ಸಿಗೆ ಸೇರಿಸಿಕೊಳ್ಳುತ್ತಾನೆ. ಇಂಧನವನ್ನೇ ಬದಲಿಸುವ ಅಷ್ಟು ದೊಡ್ಡ ಮಾರ್ಪಾಡಿಗೆ ಸಾಧ್ಯವಾದದ್ದು ಮ್ಯಾಪಿನ ಶೇ. 5 ಅಥವಾ 10ರ ತಿದ್ದುಪಡಿಗೂ ಸಾಧ್ಯ. ಬೆಂಗಳೂರಿನಲ್ಲೇ ಟ್ಯೂನರ್ ತಯಾರಾಗುತ್ತಿರುವಾಗ, ಇಂತಿಂಥ ಮಾಡೆಲ್ಲಿಗೆ, ಇಂತಿಂಥ ಸೈಲೆನ್ಸರಿಗೆ, ಕನ್ವರ್ಟರ್ ಇಟ್ಟುಕೊಂಡೇ, ಇ20 ಪೆಟ್ರೋಲಿನಲ್ಲಿ ಪರೀಕ್ಷೆಗೆ ಒಳಪಟ್ಟು ಪಾಸಾದ ಮ್ಯಾಪ್ ಇದು ಎಂಬ ಪ್ರಮಾಣಪತ್ರದೊಂದಿಗೆ ಅದು ಮಾರುಕಟ್ಟೆಗೆ ಬರುವಂತೆ ಸಾರಿಗೆ ಸಚಿವಾಲಯ ನಿಯಮ ಮಾಡಬೇಕು.